ಎತ್ತಿ ಕುಡಿದ ಲೋಟ

ಬೆಂಗಳೂರಿನ ಆ ಹೋಟೆಲನ್ನು ಆರಿಸಿದವಳು ನಾನೇ. ಶಿರಸಿಯಲ್ಲಿ ಶಾಲೆ ಮುಗಿಸಿ ಬಂದು ದಿನಾ ಅರ್ಧ ಗಂಟೆ ಫೋನಿನಲ್ಲಿ ಹುಡುಕುತ್ತಿದ್ದೆ. ಮೂರು ವಾರದಲ್ಲಿ ಹತ್ತಾರು ಹೋಟೆಲುಗಳನ್ನು ಬೇಡವೆಂದು ಬಿಟ್ಟು ಅದನ್ನು ಹಿಡಿದೆ.

ಊಟಕ್ಕೆ ಕೂರಬೇಕಾದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಸಿದ್ದಾಪುರದ ಕಡೆ ದೊಡ್ಮನೆಯವರು. ನಲವತ್ತು ವರ್ಷದಿಂದ ನಮ್ಮ ಸೀಮೆಯ ಮದುವೆ, ಮುಂಜಿಗಳಿಗೆ ಅಡುಗೆ ಮಾಡುತ್ತ ಬಂದವರು. ಎಲ್ಲರ ಊಟವಾದ ಮೇಲೆ ತಣಿದ ಅನ್ನಕ್ಕೆ ಕೈ ಹಾಕುವವರು. ಅರವತ್ತು ತುಂಬಿದ ಲೆಕ್ಕದಲ್ಲಿ ಒಮ್ಮೆಯಾದರೂ ಅವರು ಕೂತಿರಬೇಕು, ಬೇರೆಯವರು ಬಡಿಸಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ಮಾಂಸದಡುಗೆ ಜೊತೆಗೇ ಆಗುವ ಕಡೆ ಬೇಡ. ತಟ್ಟೆ ಹಿಡಿದು ಸಾಲು ನಿಲ್ಲುವ ಕಡೆ ಬೇಡ. ಸ್ಟೂಲಿನಂಥ ಎತ್ತರದ ಕುರ್ಚಿ ಅಕ್ಕನ ಮೊಣಕಾಲಿಗೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಮಾಡಿಕೊಡುತ್ತೀರಾ ಎಂದು ಎರಡು ಸಲ ಫೋನು ಮಾಡಿ ಕೇಳಿದೆ. ನನ್ನ ಪಟ್ಟಿ ನೋಡಿ ಭಾವ ನಕ್ಕರು.

"ಕೂಸೇ, ಊಟಕ್ಕೆ ಹೋಪದೋ, ಪರೀಕ್ಷೆಗೆ ಹೋಪದೋ?"

ಐವತ್ತು ದಾಟಿದರೂ ಅವರ ಬಾಯಲ್ಲಿ ನಾನು ಕೂಸೇ.

ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಕೂತೆವು. ಬಿಳಿ ಮೇಜುಬಟ್ಟೆ, ಮೆತ್ತನೆ ಮಾತಿನ ಜನ. ಕರಿ ಕಲ್ಲಿನ ಮೇಲೆ ರೂಪಾಯಿ ಅಗಲದ ದೋಸೆಯೊಂದು ಬಂತು. ಇದು ರುಚಿ ನೋಡುವುದಕ್ಕೋ, ಊಟ ಶುರುವಾಯಿತೋ ಎಂದು ಭಾವ ಅಕ್ಕನನ್ನು ಕೇಳಿದರು. ಸುಮ್ಮನೆ ತಿನ್ನಿ ಎಂದಳು ಅಕ್ಕ.

ಆಮೇಲೆ ಪಾನಕ ಬಂತು. ಮುರುಗಲು ಹಣ್ಣಿನದು, ನಮ್ಮ ಮನೆಗಳಲ್ಲಿ ಬೇಸಿಗೆಗೆ ಮಾಡುವಂಥದ್ದೇ. ಉದ್ದದ ಗಾಜಿನ ಲೋಟ. ಅದರ ಬಾಯಿಂದ ಬಿಳಿ ಹೊಗೆ ಮೇಜಿನ ಮೇಲೆ ಇಳಿಯುತ್ತಿತ್ತು. ತಳದಲ್ಲಿರುವುದು ಡ್ರೈ ಐಸ್ ತುಂಡು, ಚರ್ಮ ಸುಡುವಷ್ಟು ತಣ್ಣಗಿನದು, ಬರಿಗೈಯಲ್ಲಿ ಮುಟ್ಟುವುದಲ್ಲ ಎಂದು ನನಗೆ ಗೊತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಬಡಿಸಿದವನು ಇಂಗ್ಲಿಷಿನಲ್ಲಿ, ಹೊಗೆ ಪೂರ್ತಿ ನಿಂತ ಮೇಲೆ ಕುಡಿಯಿರಿ ಅಂದ. ಅಕ್ಕನಿಗೂ ಭಾವನಿಗೂ ಅದು ಅರ್ಥವಾಗಿರಲಿಲ್ಲ. ತಿಳಿದ ನಾನು ಹೊಗೆ ಇರುವಾಗಲೇ ಫೋಟೋ ತೆಗೆಯಬೇಕೆಂದು ಫೋನು ಎತ್ತಿದ್ದೆ.

ಮುರುಗಲು ಕಂಡ ಖುಷಿಗೆ ಭಾವ ಲೋಟ ಎತ್ತಿದರು. ಲೋಟಕ್ಕೆ ಅವರು ಎಂದೂ ತುಟಿ ಮುಟ್ಟಿಸಿದವರಲ್ಲ. ತಲೆ ಹಿಂದಕ್ಕೆ ಹಾಕಿ, ಗೇಣು ಮೇಲಿಂದ ನೇರ ಗಂಟಲಿಗೆ ಬಿಟ್ಟುಕೊಳ್ಳುವ ರೂಢಿ. ತುಟಿ ಹಚ್ಚಿ ಗುಟುಕರಿಸಿದ್ದರೆ ಆ ತುಂಡು ತಳದಲ್ಲೇ ಉಳಿಯುತ್ತಿತ್ತೇನೋ. ಕೆಂಪು ನೀರಿನೊಳಗಿಂದ ಬಿಳಿಯದೊಂದು ಜಾರಿ ಬಂದದ್ದನ್ನು ನಾನು ಕಂಡದ್ದು ಫೋನಿನ ಪರದೆಯ ಮೇಲೆ.

"ಭಾವ, ನುಂಗಡಿ! ಉಗುಳಿ!"

ಬಾಯಿ ಮುಚ್ಚಿಕೊಂಡು ಅವರು ಸುತ್ತ ನೋಡಿದರು. ಊಟದ ಮೇಜಿನ ಮೇಲೆ ಎಂಜಲು ಉಗುಳುವುದು ಅವರಿಂದಾಗದು. ಎರಡು ಕ್ಷಣ, ಹೆಚ್ಚೆಂದರೆ ಮೂರು. ಅವರ ಕಣ್ಣು ಜಾಗ ಹುಡುಕುತ್ತಿದ್ದದ್ದು ನನಗೆ ಈಗಲೂ ಪಾಠದ ನಡುವೆ ಕಾಣುತ್ತದೆ. ನಾನು ಅವರ ಬಾಯಿ ಕೆಳಗೆ ಅಂಗೈ ಒಡ್ಡಿದೆ. ಆಗ ಉಗುಳಿದರು. ಅಂಗೈ ಚುರ್ ಅಂದಿತು.

ಗಂಟಲಿಗೆ ಇಳಿದಿದ್ದರೆ ಮಾತೇ ಬೇರೆ ಇತ್ತು ಎಂದರು ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು. ನಾಲಿಗೆಯ ಮೇಲೆ ಬೊಬ್ಬೆ ಎದ್ದಿತ್ತು. ವಾಸಿಯಾಗುತ್ತದೆ, ರುಚಿ ಯಾವಾಗ ಮರಳುತ್ತದೆಂದು ಹೇಳಲಾಗದು ಅಂದರು. ಭಾವ ಅಲ್ಲಿ ನೋವಿನ ಮಾತು ಆಡಲಿಲ್ಲ. ಸೋಮವಾರ ಯಲ್ಲಾಪುರದಲ್ಲಿ ಒಂದು ಮುಂಜಿಯ ಅಡುಗೆ ಒಪ್ಪಿಕೊಂಡಿದ್ದರು. ಅಷ್ಟರೊಳಗೆ ಸರಿಹೋಗುತ್ತದೋ ಎಂದು ಮಾತ್ರ ನನ್ನ ಕಡೆಯಿಂದ ಕೇಳಿಸಿದರು.

ಸರಿಹೋಗಲಿಲ್ಲ. ಸೋಮವಾರ ನಾನೂ ಶಾಲೆಗೆ ರಜೆ ಹಾಕಿ ಯಲ್ಲಾಪುರಕ್ಕೆ ಹೋದೆ. ಮಾವಿನಕಾಯಿಯ ಅಪ್ಪೆಹುಳಿ ಕಲಸಿಟ್ಟ ಭಾವ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಹಾಕಿದರು. ಇನ್ನೊಮ್ಮೆ ಬಿಟ್ಟುಕೊಂಡು ನೋಡಿದರು.

"ಹುಳಿಯೂ ಗೊತ್ತಾಗ್ತಿಲ್ಲೆ, ಉಪ್ಪೂ ಗೊತ್ತಾಗ್ತಿಲ್ಲೆ" ಅಂದರು. ನಲವತ್ತು ವರ್ಷದಲ್ಲಿ ಬೇರೆ ಯಾರ ಕೈಗೂ ರುಚಿ ನೋಡಲು ಕೊಟ್ಟವರಲ್ಲ. ನನ್ನನ್ನು ಕರೆದು ಕೈ ಚಾಚು ಎಂದರು. ಅಂಗೈಯ ಕಲೆ ಕಂಡು ಸೌಟು ಅಲ್ಲೇ ನಿಂತಿತು.

"ಆ ಮಾಣಿ ಲೋಟ ಇಡಕಾದ್ರೆ ಎಂತೋ ಹೇಳಿದ್ನಲೆ. ಎಂತ ಹೇಳಿದ?"

ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

"ಹೊಗೆ ನಿಂತ ಮೇಲೆ ಕುಡಿಯವು ಹೇಳಿದ. ಆನು ಫೋಟೋ ತೆಗಿತಾ ಇದ್ದಿದ್ದಿ, ಭಾವ."

ಅವರು ಸೌಟು ಬಗ್ಗಿಸಿ, ಕಲೆ ತಪ್ಪಿಸಿ, ಅಂಗೈಯ ಅಂಚಿಗೆ ಬಿಟ್ಟರು.

"ಹಂಗಾರೆ ಈಗ ಸಮಾ ನೋಡಿ ಹೇಳು. ಉಪ್ಪು ಎಷ್ಟು ಬೇಕು?"

ನಾನು ಎರಡು ಸಲ ರುಚಿ ನೋಡಿದೆ. ಇನ್ನೊಂದು ಹಿಡಿ ಅಂದೆ. ಅವರು ಅಷ್ಟೇ ಹಾಕಿದರು.