ಭಾಯಿ ಓಡುತ್ತಿದ್ದ ಜಾಗ

ನನ್ನ ಕೆಲಸ ಏನೆಂದು ನಾರಾಯಣಗೂಡದ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವ ಹಾಗೆ ಹೇಳಲು ನನಗೆ ಇವತ್ತಿಗೂ ಬಂದಿಲ್ಲ. ಐವತ್ತು ವರ್ಷ ಹಿಂದಿನ ಅಮೆರಿಕದ ಫಂಕ್, ಸೋಲ್ ಹಾಡುಗಳು, ಆಫ್ರಿಕಾದ ಬ್ಯಾಂಡುಗಳ ಹಾಡುಗಳು, ಇವನ್ನು ಕತ್ತರಿಸಿ, ಉದ್ದ ಮಾಡಿ, ಈಗಿನ ಪಬ್ಬುಗಳಲ್ಲಿ ಜನ ಕುಣಿಯುವ ಹಾಗೆ ಮಾಡಿ ಡಿಜೆಗಳಿಗೆ ಕೊಡುತ್ತೇನೆ. ಕೆಳಗಿನ ಮನೆಯ ಬಿಜಾಪುರದ ಕಾಕುಗೆ ಒಮ್ಮೆ ಇಷ್ಟೆಲ್ಲ ಹೇಳಿದೆ. "ಅಂದ್ರ ಹಳೇ ಸೀರಿಗೆ ಫಾಲ್ ಹಚ್ಚಿದಂಗ," ಅಂದರು. ನಗು ಬಂತು, ಆದರೆ ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಈ ಕೆಲಸದಲ್ಲಿ ಮೊದಲು ಮಾಡುವುದು ತಾಳವನ್ನು ನೆಟ್ಟಗೆ ಮಾಡುವುದು. ಹಳೆಯ ಕಾಲದವರು ಎಲ್ಲರೂ ಒಟ್ಟಿಗೆ ಕೂತು ನುಡಿಸಿದವರು. ಹುರುಪು ಬಂದರೆ ಓಡುತ್ತಾರೆ, ದಣಿದರೆ ನಿಧಾನ ಆಗುತ್ತಾರೆ. ಡಿಜೆಗೆ ಅದು ಆಗದು. ಒಂದು ಹಾಡಿನ ಬೆನ್ನಿಗೆ ಇನ್ನೊಂದನ್ನು ಜೋಡಿಸಬೇಕಾದರೆ ಎರಡೂ ಒಂದೇ ವೇಗದಲ್ಲಿ ಇರಬೇಕು. ಹಾಗಾಗಿ ಕಂಪ್ಯೂಟರಿನಲ್ಲಿ ಒಂದೊಂದೇ ಪೆಟ್ಟನ್ನು ಹಿಡಿದು ಪರದೆಯ ಮೇಲಿನ ತಾಳದ ಗೆರೆಗೆ ಸರಿಯಾಗಿ ಕೂರಿಸುತ್ತೇನೆ. ಹದಿನೈದು ವರ್ಷದಿಂದ ಇದೇ ಕೆಲಸ. ಎಲ್ಲಿ ಪೆಟ್ಟು ತಪ್ಪಿದರೂ ಕೈ ತಾನೇ ಹೋಗಿ ಸರಿಪಡಿಸುತ್ತದೆ. ಹಾಳು ಕೈ.

ಅಪ್ಪ ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿದ್ದವರು. ಕಲಬುರ್ಗಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆದರು. ಕಾರ್ಖಾನೆಯ ಆರ್ಕೆಸ್ಟ್ರಾದಲ್ಲಿ ಬೊಂಗೊ ಅನ್ನುವ ಚಿಕ್ಕ ಜೋಡಿ ಡೋಲು ಬಾರಿಸುತ್ತಿದ್ದರು. ಗಿಟಾರಿಗೆ ಹಳೇ ಶಹರದ ಒಬ್ಬ ಗೆಳೆಯ. ಅಪ್ಪ ಅವರನ್ನು ಭಾಯಿ ಅನ್ನುತ್ತಿದ್ದರು, ಹಾಗಾಗಿ ನಮ್ಮ ಮನೆಗೆಲ್ಲ ಅವರು ಭಾಯಿಯೇ. ಶಿಫ್ಟ್ ಮುಗಿಸಿ ಕ್ಯಾಂಟೀನಿನ ಹಿಂದೆ ಕೂತು, ರೇಡಿಯೊದಲ್ಲಿ ಕೇಳಿದ ವಿದೇಶಿ ಸಂಗೀತವನ್ನು ಇಬ್ಬರೂ ತಮಗೆ ತಿಳಿದ ಹಾಗೆ ನುಡಿಸಿಕೊಳ್ಳುತ್ತಿದ್ದರಂತೆ. ಒಂದೇ ಒಂದು ಸಲ ಅದು ಕ್ಯಾಸೆಟ್ಟಿಗೆ ಇಳಿದಿತ್ತು, ಹನ್ನೊಂದು ನಿಮಿಷ. ಭಾಯಿ ತೀರಿಕೊಂಡು ಈಗ ಬಹಳ ವರ್ಷವಾಯಿತು.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಹಳೆಯ ನೆನಪೆಲ್ಲ ಪಕ್ಕಾ ಇತ್ತು, ಬಲಗೈ ಮಾತ್ರ ಹೋಯಿತು. ವ್ಯಾಯಾಮ ಮಾಡಿಸಲು ದಿಲ್‌ಸುಖ್‌ನಗರದಿಂದ ಬರುತ್ತಿದ್ದಾಕೆ, ಕೈ ತಾನಾಗಿ ಏಳುವಂಥದ್ದು ಏನಾದರೂ ಕೊಡಿ, ತಡವಾದರೆ ಆ ಕೈ ಹಾಗೇ ಉಳಿದುಬಿಡುತ್ತದೆ ಅಂದಳು. ನನಗೆ ಕ್ಯಾಸೆಟ್ ನೆನಪಾಯಿತು. ಟ್ರಂಕಿನ ತಳದಿಂದ ತೆಗೆದು ಕಂಪ್ಯೂಟರಿಗೆ ಇಳಿಸಿಕೊಂಡೆ. ಮುಗಿಯುತ್ತಿದ್ದ ಹಾಗೆ ಟೇಪು ಯಂತ್ರದೊಳಗೆ ಸಿಕ್ಕಿ ಚೂರುಚೂರಾಯಿತು. ಹೋಗಲಿ, ಕಾಪಿ ಇದೆಯಲ್ಲ ಅಂತ ಅದನ್ನು ಮರುದಿನ ಕಸದ ಆಟೊಗೆ ಹಾಕಿದೆ. ಆಮೇಲೆ ಕಾಪಿಯನ್ನು ತೆರೆದು ಕೂತೆ. ಅಪ್ಪನಿಗೆ ಚೆನ್ನಾಗಿ ಕೇಳಿಸಲಿ ಅಂತಲೇ ಕೂತಿದ್ದು, ದೇವರಾಣೆ. ಗೊರಗೊರ ಸದ್ದು ತೆಗೆದೆ. ಗಿಟಾರ್ ಬರುವಲ್ಲಿ ತಾಳ ಓಡುತ್ತಿತ್ತು, ಸರಿ ಮಾಡಿದೆ. ಹನ್ನೊಂದು ನಿಮಿಷವನ್ನೂ ನೆಟ್ಟಗೆ ಮಾಡಿ, ಅದೇ ಫೈಲಿನ ಮೇಲೆ ಸೇವ್ ಮಾಡಿ, ಹೆಮ್ಮೆಯಿಂದ ಒಬ್ಬ ಡಿಜೆಗೂ ಕಳಿಸಿ, ಚಹಾ ಕುಡಿಯಲು ಎದ್ದೆ.

ಮರುದಿನ ಬೆಳಿಗ್ಗೆ ಅಪ್ಪನ ಮಂಚದ ಹತ್ತಿರ ಸ್ಪೀಕರ್ ಇಟ್ಟು ಹಾಕಿದೆ. ಸ್ವಲ್ಪ ಹೊತ್ತಿಗೆ ಅವರ ಬಲಗೈಯ ಎರಡು ಬೆರಳು ಹೊದಿಕೆಯ ಮೇಲೆ ಎದ್ದವು. ನಿಜವಾಗಿಯೂ ಎದ್ದವು! ನಾನು ಸ್ಪೀಕರಿನ ದನಿ ಸ್ವಲ್ಪ ಏರಿಸಿದೆ. ಗಿಟಾರ್ ಬಂತು. ಬೆರಳು ತಾಳಕ್ಕಿಂತ ಮುಂದೆ ಹೋದವು, ತಡವರಿಸಿದವು, ನಿಂತವು.

"ಭಾಯಿ ಎಲ್ಲಿ?" ಅಂದರು ಅಪ್ಪ.

"ಇದ ಅಲ್ಲೇನ್ರಿ ಅಪ್ಪಾ, ಗಿಟಾರ್?"

"ಅಲ್ಲ ಯವ್ವಾ. ಅವಾ ಇಲ್ಲಿ ಓಡತಿದ್ದ. ನಾ ಬೆನ್ನ ಹತ್ತಿ ಹಿಡೀತಿದ್ದೆ. ಎಷ್ಟು ಬೈದೀನಿ ಅವಂಗ, ಜರಾ ಠೈರೋ ಭಾಯಿ, ತುಸು ನಿಲ್ಲೋ ಅಂತ. ಕೇಳ್ತಿದ್ದಿಲ್ಲ ಹರಾಮಖೋರ." ಅಪ್ಪ ನಕ್ಕರು, ಬಾಯಿಯ ಒಂದೇ ಕಡೆಯಿಂದ. "ಏನರ ಮಾಡೀಯೇನು ಇದಕ್ಕ? ಅಸಲಿದು ಹಾಕು. ಕೈ ಬರಾಕತ್ತಿತ್ತು ನೋಡು."

"ಹಾಕ್ತೀನ್ರಿ," ಅಂದೆ. ಏನು ಹಾಕಲಿ, ನನ್ನ ತಲೆ!

ನಾನೇ ಅಳಿಸಿದ್ದ ಮೊದಲ ಕಾಪಿ ಮತ್ತೆ ಸಿಕ್ಕೀತೇನೋ ಅಂತ ಕಂಪ್ಯೂಟರನ್ನು ಉಪ್ಪಲ್‌ನ ಒಬ್ಬ ರಿಪೇರಿಯವನ ಹತ್ತಿರ ಒಯ್ದೆ. ಎರಡು ದಿನ ಇಟ್ಟುಕೊಂಡು, ತೆಲುಗಿನಲ್ಲಿ "ರಾದು ಮೇಡಂ," ಬರೋದಿಲ್ಲ, ಅಂದುಬಿಟ್ಟ. ಮೆಟ್ರೊದಲ್ಲಿ ಹಿಂದಿರುಗುವಾಗ ಆ ಡಿಜೆಯಿಂದ ವಿಡಿಯೊ ಬಂತು. ಭಾನುವಾರ ಮಧ್ಯಾಹ್ನದ ಪಾರ್ಟಿ, ಅಪ್ಪನ ಬೊಂಗೊಗೆ ಜನ ಕೈಯೆತ್ತಿ ಕುಣಿಯುತ್ತಿದ್ದರು. ಫೋನನ್ನು ಚೀಲದೊಳಗೆ ಹಾಕಿದೆ.

ಅಪ್ಪ ದಿನಾ ಬೆಳಿಗ್ಗೆ ಎಡಗೈಯಿಂದ ಬಲಗೈಯನ್ನು ಎತ್ತಿ ಹೊದಿಕೆಯ ಮೇಲೆ ಇಟ್ಟುಕೊಂಡು, "ಸಿಕ್ತೇನ?" ಅನ್ನುತ್ತಿದ್ದರು. "ಹುಡುಕಾಕತ್ತೀನ್ರಿ ಅಪ್ಪಾ," ಅನ್ನುತ್ತಿದ್ದೆ. ಹತ್ತು ದಿನ ಇದೇ ಸುಳ್ಳು. ಭಾಯಿಯನ್ನು ನಾನೇ ಅಳಿಸಿದೆ ಅನ್ನಲು ನಾಲಿಗೆ ಏಳಲಿಲ್ಲ.

ಕೊನೆಗೆ ಮಾಡಬಾರದ್ದನ್ನು ಮಾಡಿದೆ. ಭಾಯಿಯ ಓಟವನ್ನು ನಾನೇ ಹಾಕಲು ಕೂತೆ. ಗಿಟಾರಿನ ಒಂದೊಂದು ಪೆಟ್ಟನ್ನೂ ಅಂದಾಜಿನ ಮೇಲೆ ಗೆರೆಯಿಂದ ಮುಂದೆ ತಳ್ಳಿದೆ, ಅಪ್ಪನದನ್ನು ಅದರ ಬೆನ್ನಿಗೆ ಹಚ್ಚಿದೆ. ಮೂರು ದಿನ ಹಿಡಿಯಿತು. ಸತ್ತವರ ಅವಸರವನ್ನು ಮತ್ತೆ ಹುಟ್ಟಿಸಲು ನನ್ನಿಂದಾಗದು ಅಂತ ಅರ್ಧಕ್ಕೇ ಗೊತ್ತಾಗಿತ್ತು. ಆದರೂ ಮುಗಿಸಿದೆ. "ಸಿಕ್ತ್ರಿ ಅಪ್ಪಾ," ಅಂತ ಹೇಳಿ ಹಾಕಿದೆ.

ಅಪ್ಪ ಕಣ್ಣು ಮುಚ್ಚಿ ಹನ್ನೊಂದು ನಿಮಿಷವೂ ಕೇಳಿದರು. ಬಲಗೈ ಇಟ್ಟಲ್ಲೇ ಇತ್ತು, ಒಂದು ಬೆರಳೂ ಏಳಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದು, ಬೇರೆಯವರ ಮಕ್ಕಳು ಹಾಡಿದಾಗ ಹೊಗಳುವ ದನಿಯಲ್ಲಿ, "ಭಾಳ ಛಲೋ ಬಾರಸ್ಯಾರ. ಯಾರವ್ವಾ ಇವರು?" ಅಂದರು.

ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಹೊದಿಕೆಯೊಳಗೆ ಇಟ್ಟುಕೊಂಡರು. ಆಮೇಲೆ ಕ್ಯಾಸೆಟ್ಟಿನ ಮಾತು ಎತ್ತಲಿಲ್ಲ.