ಒಲೆಗೆ ಬಿದ್ದ ರಿಪೋರ್ಟು

ತಮಿಳು ಸೀಮೆಯ ನಮ್ಮ ಮಾರಂಡಹಳ್ಳಿ ಕಡೆ ಕನ್ನಡ ಆಡುವವರು ಬೇಕಾದಷ್ಟು ಜನ, ಓದುವವರು ಬೆರಳೆಣಿಕೆ. ಆ ಬೆರಳುಗಳಲ್ಲಿ ನಾನೂ ಒಬ್ಬ. ಶಾಲೆಯಲ್ಲಿ ಕಲಿತದ್ದು ತಮಿಳು. ಮೆಟ್ಟೂರಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದಾಗ, ಬೆಂಗಳೂರು ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಗಳನ್ನು ಕೂಡಿಸಿ ಓದಿ ಕನ್ನಡ ಅಕ್ಷರ ಕಲಿತೆ. ಅಂದಿನಿಂದ ಮನೆಯಲ್ಲಿ ತಮಿಳಾಗಲಿ ಇಂಗ್ಲಿಷಾಗಲಿ ಬೆರೆಸದೆ ಮಾತಾಡುವುದು ನನ್ನ ವ್ರತ. ಯಾರೂ ಕೇಳಿರಲಿಲ್ಲ, ಯಾವ ದೇವರೂ ಕನಸಿನಲ್ಲಿ ಬಂದು ಹೇಳಿರಲಿಲ್ಲ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಿಂಗಳು ತುಂಬುತ್ತ ಬಂದಾಗ ಧರ್ಮಪುರಿಯ ಡಾಕ್ಟರಮ್ಮ ಒಂದು ಪರೀಕ್ಷೆ ಮಾಡಿದರು. ಫಲಿತಾಂಶ ತರಲು ನಾನೊಬ್ಬನೇ ಹೋದೆ. ಅಲ್ಲಿನ ನರ್ಸಮ್ಮ ನನ್ನನ್ನು ಕೂರಿಸಿ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಅಂತ ಒಂದು ರೋಗಾಣು. ಎಷ್ಟೋ ಹೆಂಗಸರ ಮೈಯಲ್ಲಿ ತನ್ನ ಪಾಡಿಗೆ ಇರುತ್ತದೆ, ಯಾರ ತಪ್ಪೂ ಅಲ್ಲ, ತಾಯಿಗೆ ಸಾಮಾನ್ಯವಾಗಿ ತೊಂದರೆಯೂ ಇಲ್ಲ. ಆದರೆ ಹೆರಿಗೆಯಲ್ಲಿ ಮಗುವಿಗೆ ದಾಟಿದರೆ ಜೀವಕ್ಕೇ ಅಪಾಯ. ಅದಕ್ಕೆ ನೋವು ಶುರುವಾದ ಕೂಡಲೇ, ಯಾವ ಆಸ್ಪತ್ರೆಯೇ ಆಗಲಿ, ಈ ಚೀಟಿಯನ್ನು ಮೊದಲು ತೋರಿಸಬೇಕು. ನರಕ್ಕೆ ಆ್ಯಂಟಿಬಯಾಟಿಕ್ ಏರಿಸುತ್ತಾರೆ. ಹೆರಿಗೆಗೆ ನಾಲ್ಕು ಗಂಟೆ ಮುಂಚೆಯಾದರೂ ಆ ಔಷಧಿ ಒಳಗೆ ಹೋಗಿರಬೇಕು.

ಆ ರೋಗಾಣು ಮೈಯಲ್ಲಿ ಎಲ್ಲಿರುತ್ತದೆ ಅನ್ನುವುದನ್ನೂ ಅವಳು ಹೇಳಹೊರಟಳು. ನಾನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ಆ ತಿಂಗಳ ಅಮಾವಾಸ್ಯೆಯನ್ನು ಬಹಳ ಶ್ರದ್ಧೆಯಿಂದ ಹುಡುಕಿದೆ. ಮಗಳ ಅಪ್ಪನಾದವನು ಇಂಥದ್ದನ್ನು ಕೇಳಬಾರದೆಂದು ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಶಾಸ್ತ್ರ ಮಾತ್ರ ನನ್ನ ಕುತ್ತಿಗೆಯಲ್ಲಿ ಕೂತಿತ್ತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. ರೋಗಾಣು ತಗುಲುವುದಕ್ಕೆ ನರ್ಸಮ್ಮ ಅಂದದ್ದು ‘ತೊಟ್ರು’. ಆ ತಮಿಳು ಮಾತನ್ನೇ ಹೇಳಿದ್ದರೆ ಸಾಕಿತ್ತು, ಕೊರೋನಾ ಕಾಲದಲ್ಲಿ ಟಿ.ವಿ. ಅದನ್ನು ಊರಿಗೆಲ್ಲ ಬಾಯಿಪಾಠ ಮಾಡಿಸಿತ್ತು. ಆದರೆ ನನಗೆ ವ್ರತ. ಪತ್ರಿಕೆಯ ಕನ್ನಡದಲ್ಲಿ, ಗಂಟಲು ಸರಿಮಾಡಿಕೊಂಡು ಅಂದೆ: “ಅವಳಿಗೆ ಸೋಂಕು ತಗುಲಿದೆ.”

ಪತ್ರಿಕೆಗೆ ಸೋಂಕು ಅಂದರೆ ರೋಗಾಣು ಅಂಟಿಕೊಳ್ಳುವುದು. ನನ್ನ ಹೆಂಡತಿಗೆ, ಅವಳ ಅವ್ವನಿಗೆ, ನಮ್ಮ ಬೀದಿಗೆಲ್ಲ ಸೋಂಕು ಅಂದರೆ ಗಾಳಿ. ಹುಣಸೆಮರದ ಕೆಳಗೆ ಹೊತ್ತಲ್ಲದ ಹೊತ್ತಲ್ಲಿ ಹೋದವರನ್ನು ಮುಟ್ಟುವಂಥದ್ದು.

“ನಾನ್ ಅವ್ಳಿಗ್ ಅಂದ್ನಲ್ಲ, ಶುಕ್ರವಾರ ಅಳ್ಳದ್ ಕಡೆ ಓಗ್ಬೇಡ ಅಂತ,” ಅಂದಳು. “ಬಸ್ರಿ ಮುಂದೆ ಆ ಮಾತ್ ಎತ್ಬೇಡಿ. ಕಾಗ್ದ ಇಲ್ ಕೊಡಿ.”

“ಕಾಗದ ಯಾಕೆ?”

“ಸೋಂಕಿನ್ ಎಸ್ರು ಬರ್ದಿರೋದು ಮನೆ ಒಳ್ಗೆ ಇಕ್ಕೋತಾರಾ?”

ಅವಳ ತಪ್ಪು ತಿಳಿವಳಿಕೆ ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ಈಗ ಬಚ್ಚಿಡಲಾರೆ. ತಿದ್ದಬಹುದಿತ್ತು. ತಿದ್ದಬೇಕಾದರೆ ರೋಗಾಣು ಎಲ್ಲಿದೆ, ಮಗುವಿಗೆ ಯಾವ ದಾರಿಯಲ್ಲಿ ದಾಟುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯೆದುರು ಆ ಜಾಗದ ಹೆಸರು ಹೇಳಲು ನನ್ನ ಶುದ್ಧ ಕನ್ನಡದಲ್ಲಿ ಒಂದು ಪದವೂ ಸಿಗಲಿಲ್ಲ. ಅವಳು ಉಪ್ಪು, ಒಣಮೆಣಸಿನಕಾಯಿಯ ಜೊತೆ ರಿಪೋರ್ಟನ್ನೂ ಮುದುರಿ, ಮಲಗಿದ್ದ ಮಗಳಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಸಮಯ ಬಂದಾಗ ಡಾಕ್ಟರಿಗೆ ನಾನೇ ಬಾಯಲ್ಲಿ ಹೇಳುತ್ತೇನೆ ಎಂದು ಮನಸ್ಸಿಗೆ ಒಪ್ಪಿಸಿದೆ. ಮನಸ್ಸು ತಕ್ಷಣ ಒಪ್ಪಿತು. ಇಂಥ ವಿಷಯಗಳಲ್ಲಿ ಅದು ಬಹಳ ವಿಧೇಯ.

ಸಂಜೆ ಮಗಳು ಕೇಳಿದಳು. “ಅಪ್ಪಾ, ರಿಪೋರ್ಟ್ ಏನಾಯ್ತು?”

ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

“ನಾರ್ಮಲ್ ಮಗಾ,” ಅಂದೆ. ವ್ರತ ಅಲ್ಲಿ ಮುರಿಯಿತು.

ಎಣಿಸಿದ್ದಕ್ಕಿಂತ ಹತ್ತು ದಿನ ಮುಂಚೆ, ಬೆಳಿಗ್ಗೆ ಏಳಕ್ಕೆ ನೋವು ಬಂತು. ಹತ್ತಿರವೆಂದು ಪಾಲಕ್ಕೋಡಿನ ಆಸ್ಪತ್ರೆಗೆ ಹೋದೆವು. ಮಗಳ ಮಾವ, ನಮ್ಮ ಬೀಗರು, ನಮಗಿಂತ ಮೊದಲೇ ಬಂದು ನಿಂತಿದ್ದರು. ಅಲ್ಲಿಯ ನರ್ಸ್ ಪೆನ್ನು ಹಿಡಿದು ಒಂದೊಂದೇ ಕೇಳಿದಳು. ಬಿ.ಪಿ. ಇದೆಯೇ, ಸಕ್ಕರೆ ಇದೆಯೇ. ಕೊನೆಗೆ, “ವೇರೆ ಏದಾವದು ಪ್ರಚ್ಚನೆ ಇರುಕ್ಕಾ, ಅಯ್ಯಾ?” ಬೇರೆ ಏನಾದರೂ ತೊಂದರೆ ಉಂಟೇ ಎಂದು.

ಬೀಗರು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಸೊಸೆಗೆ ‘ಅಲ್ಲಿ’ ರೋಗವಂತೆ ಎಂದು ಅವರ ಮನೆಯಲ್ಲಿ ಆಡಿಕೊಂಡರೆ?

“ಒಣ್ಣುಮ್ ಇಲ್ಲೆ,” ಅಂದೆ. ಏನೂ ಇಲ್ಲ. ಸ್ವಚ್ಛವಾದ ತಮಿಳಿನಲ್ಲಿ.

ಮಗು ಹುಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ನಾಲ್ಕು ಗಂಟೆಯ ಮಾತಿಗೆ ಎಂಟು ಗಂಟೆ ಸಮಯವಿತ್ತು. ಅಷ್ಟು ಹೊತ್ತೂ ನಾನು ಜಗುಲಿಯಲ್ಲಿ ಕೂತು ಬೀಗರ ಜೊತೆ ಟೊಮೆಟೊ ದರವನ್ನು ವಿಸ್ತಾರವಾಗಿ ಚರ್ಚಿಸಿದೆ. ಎರಡು ಸಲ ಎದ್ದೆ. ಎರಡು ಸಲವೂ ಟೀ ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಮಗು ಮೊಲೆ ಹಿಡಿಯಲಿಲ್ಲ. ಉಸಿರಿಗೊಂದು ನರಳಿಕೆ, ಮೈ ಬಟ್ಟೆಯ ಹಾಗೆ ಜೋಲು. ೧೦೮ರಲ್ಲಿ ಧರ್ಮಪುರಿಗೆ ಸಾಗಿಸಿದರು. ಮಗಳನ್ನು ಹಿಂದಿನಿಂದ ಕಾರಿನಲ್ಲಿ ಕರೆತಂದೆವು. ಮಕ್ಕಳ ಡಾಕ್ಟರು, ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ನಮ್ಮೆಲ್ಲರನ್ನೂ ನಿಲ್ಲಿಸಿ, ತಾಯಿಗೆ ಬಸಿರಲ್ಲಿ ಏನಾದರೂ ತೊಟ್ರು ಇತ್ತೇ ಎಂದು ಕೇಳಿದಳು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಆಗ ಹೇಳಿದೆ. ರೋಗಾಣುವಿನ ಹೆಸರು, ಅದು ಇದ್ದ ಜಾಗ, ಚೀಟಿ, ಒಲೆ, ಎಲ್ಲವನ್ನೂ, ಬೀಗರ ಎದುರಿಗೇ. ಡಾಕ್ಟರು ಬೈಯಲಿಲ್ಲ. ಬರೆದುಕೊಂಡು ಒಳಗೆ ಓಡಿದಳು. ಬೈದಿದ್ದರೆ ಆಗುತ್ತಿತ್ತು.

ಬೀಗರು ನನ್ನ ಕಡೆ ತಿರುಗಿದರು. “ಬೀಗ್ರೇ, ಇಷ್ಟುಕ್ಕಾ ಬಾಯಿಗ್ ಬೀಗ ಆಕೊಂಡಿದ್ರಿ? ನಮ್ ಮನೇಲೂ ಎಂಗುಸ್ರೇ ಅವ್ರೆ, ಮರದ್ ಗೊಂಬೆಗಳಲ್ಲ.”

ನಾನು ಅಷ್ಟು ಹೆದರಿದ್ದ ಮನುಷ್ಯ ಅವರು.

ಹದಿನಾಲ್ಕು ದಿನ ಮಗುವಿಗೆ ನರದಲ್ಲಿ ಔಷಧಿ ಹೋಯಿತು. ರೋಗಾಣು ಮೆದುಳಿಗೆ ಏರಿದೆಯೇ ಎಂದು ಬೆನ್ನುಮೂಳೆಯ ಸಂದಿಯಿಂದ ನೀರು ತೆಗೆದು ನೋಡಿದರು. ಗಾಜಿನಾಚೆ ಅದರ ತಲೆಯ ಕೂದಲು ಬೋಳಿಸಿ ಸೂಜಿ ಚುಚ್ಚಿದ್ದು ಕಾಣುತ್ತಿತ್ತು. ಆರನೆಯ ದಿನ ಅತ್ತಿತು. ಹೆಂಡತಿ ದಿನವೂ ಗಾಜಿಗೆ ಕೈಯಿಟ್ಟು ನಿಲ್ಲುತ್ತಿದ್ದಳು. “ನಂಗೆ ಇಡ್ದು ಎರಡ್ ಏಟ್ ಆಕಿಯಾದ್ರೂ ಏಳ್ಬೇಕಿತ್ತು ನೀವು,” ಅಂದಳು ಒಂದು ಸಲ. ಅವಳು ಸುಟ್ಟದ್ದು ಗಾಳಿಯನ್ನು. ಸುಟ್ಟದ್ದೇನೆಂದು ಬಲ್ಲವನು ಪಕ್ಕದಲ್ಲಿ ನಿಂತಿದ್ದ.

ಬಿಡುಗಡೆಯ ದಿನ ಡಾಕ್ಟರು ಮಗುವನ್ನು ಮಗಳ ಕೈಗೆ ಕೊಟ್ಟಳು. ಈ ರೋಗದಿಂದ ಕಿವಿ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂದು ವಿವರಿಸಲು, ರೂಢಿಯಂತೆ, ಮನೆಯ ಹಿರಿಯನಾದ ನನ್ನ ಕಡೆ ತಿರುಗಿದಳು.

“ಡಾಕ್ಟರ್, ಅಪ್ಪಾಕಿಟ್ಟ ವೇಂಡಾಂ,” ಅಂದಳು ಮಗಳು. “ಎನ್‌ಕಿಟ್ಟ ಸೊಲ್ಲುಂಗ.” ಅಪ್ಪನಿಗೆ ಬೇಡ, ನನಗೆ ಹೇಳಿ.

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಸೀಟು ಬದಲಿಸಿ ಕೂರುವವರ ದನಿ. ನಾನು ಬಟ್ಟೆಯ ಚೀಲ ಎತ್ತಿಕೊಂಡು ಹೊರಗೆ ಹೋಗಿ, ಅವರು ಮುಗಿಸುವವರೆಗೆ ನಿಂತಿದ್ದೆ.