ನಾನು ಉಜ್ಜಿ ಅಳಿಸಿದ ಸಾಲು

ಗ್ರೇಸ್ ಮೇಡಂ, ನೀವು ಬಿದ್ದದ್ದು ಸ್ಟ್ಯಾನ್ಲಿ ಸಾರ್ ತಪ್ಪಿನಿಂದಲ್ಲ. ನನ್ನಿಂದ. ಆ ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಯಾರೂ ಕೂರಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿಮಗೆ ಮಾರಿದೆ.

ಇಷ್ಟು ಬರೆಯಲು ಎರಡು ವರ್ಷ ಬೇಕಾಯಿತು. ಬರೆಯಲು ಕೂತಾಗಲೆಲ್ಲ ಏನೋ ಕೆಲಸ ನೆನಪಾಗುತ್ತಿತ್ತು — ಕೆಲಸವೇನು ಮಣ್ಣು, ಬರೀ ಹೆದರಿಕೆ.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿರುವ ನನ್ನ ಶೆಡ್ಡನ್ನು ನೀವು ನೋಡಿದ್ದೀರಿ. ಮೊದಲು ಅದು ಖಾದರ್ ಉಸ್ತಾದರದ್ದು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ. ನಮ್ಮ ಗಲ್ಲಿಯ ಹಳೇ ಮೆಕ್ಯಾನಿಕ್‌ಗಳಲ್ಲಿ ಒಂದು ಪದ್ಧತಿಯಿತ್ತು, ಗಿರಾಕಿಗಳಿಗೆ ಗೊತ್ತಿಲ್ಲದ್ದು. ಗಾಡಿಯಲ್ಲಿ ದೋಷವೇನಾದರೂ ಉಳಿದರೆ, ಎಡಗಡೆಯ ಚೈನ್ ಕವರ್ ಬಿಚ್ಚಿ ಅದರ ಒಳಮೈಯಲ್ಲಿ ಮೊಳೆಯಿಂದ ಕೆತ್ತಿ ಬರೆಯುತ್ತಿದ್ದರು. ಮುಂದೆ ಯಾವತ್ತೋ ಅದನ್ನು ಬಿಚ್ಚುವ ಮೆಕ್ಯಾನಿಕ್‌ಗೆ ಅದು ಎಚ್ಚರಿಕೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವಂತಿರಲಿಲ್ಲ.

ಈ ಗಾಡಿ ನನ್ನ ಕೈಗೆ ಬಂದಾಗ ಉಸ್ತಾದರು ತೀರಿಕೊಂಡು ಬಹಳ ವರ್ಷವಾಗಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು, ನನ್ನಪ್ಪ ಹುಟ್ಟುವುದಕ್ಕೂ ಮೊದಲಿನದು. ಫ್ರೇಜರ್ ಟೌನಿನಲ್ಲಿ ಹಳೇ ಮನೆಯೊಂದನ್ನು ಕೆಡವುವಾಗ ಸಿಕ್ಕಿತ್ತು. ಎಡಗಡೆಯ ಕವರ್ ಬಿಚ್ಚಿದೆ. ಬಲಕ್ಕೆ ವಾಲುವ ಅಕ್ಷರಗಳು — ಉಸ್ತಾದರವೇ. "ಹಿಂದೆ ಯಾರನ್ನೂ ಕೂರಿಸಬೇಡಿ."

ಅಷ್ಟೇ. ಉಸ್ತಾದರು ಯಾವಾಗಲೂ ಕಾರಣ ಬರೆಯುತ್ತಿದ್ದರು. ಇದಕ್ಕೆ ಬರೆದಿರಲಿಲ್ಲ. ಅವರ ಕಾಲದಲ್ಲಿ ಆ ಸೀಟಿನಲ್ಲಿ ಯಾರು ಕೂತಿದ್ದರು, ಏನಾದರು — ನಾನೂ ಯಾರನ್ನೂ ಕೇಳಲಿಲ್ಲ.

ಹುಡುಕಿದೆ. ಸೀಟಿನ ಕೆಳಗೆ, ಚಾಸಿಯ ಕೊಳವೆಗಳು ಕೂಡುವಲ್ಲಿ, ಕೂದಲಿನಷ್ಟು ಸಣ್ಣ ಗೆರೆ. ಬಣ್ಣ ಮಾತ್ರ ಬಿರಿದಿರಬಹುದು. ಒಳಗಿನ ಕಬ್ಬಿಣವೇ ಬಿರಿದಿರಬಹುದು. ಕೆರೆದು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಕೆರೆಯಲಿಲ್ಲ. ಯಾಕೆಂದರೆ — ಹೇಗೆ ಹೇಳಲಿ — ನನ್ನ ಹೆಮ್ಮೆಯೆಲ್ಲ ಆ ಬಣ್ಣದಲ್ಲಿತ್ತು. ಹಳೇ ಗಾಡಿಗೆ ಹೊಸ ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಓಡುವಷ್ಟು ಸರಿಮಾಡು, ಉಳಿದದ್ದನ್ನು ಮುಟ್ಟಬೇಡ. ಮಾಸಿದ ಬಣ್ಣ, ತಗ್ಗು, ಗೀರು, ಎಲ್ಲ ಹಾಗೇ ಇರಲಿ ಎನ್ನುವವನು ನಾನು. ಆ ಕೊಳವೆಗಳ ಮೇಲೆ ಯಾರೋ ಕೈಯಿಂದ ಎಳೆದ ಚಿನ್ನದ ಬಣ್ಣದ ಅಂಚು ಇನ್ನೂ ಉಳಿದಿತ್ತು. ವೆಲ್ಡಿಂಗ್ ಮಾಡಿಸಿದರೆ ಸುಟ್ಟುಹೋಗುತ್ತಿತ್ತು. ಒಂದು ಬಣ್ಣದ ಗೆರೆಗಾಗಿ, ಮೇಡಂ.

ಒಂದೂವರೆ ವರ್ಷ ಅದರ ಕೆಲಸ ಮಾಡಿದೆ. ಆ ದಿನಗಳಲ್ಲಿ — ನಂಬುವುದು ಬಿಡುವುದು ನಿಮಗೆ ಸೇರಿದ್ದು — ಹಿಂದೆ ಕೂರುವವರು ಕಾಲಿಡುವ ಫುಟ್‌ರೆಸ್ಟ್‌ಗಳನ್ನು ಸಂಜೆ ಮಡಚಿಟ್ಟು ಹೋಗುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ಎರಡೂ ಕೆಳಗಿಳಿದಿರುತ್ತಿದ್ದವು. ಶೆಡ್ಡಿನ ಬೀಗದ ಕೈ ನನ್ನೊಬ್ಬನ ಹತ್ತಿರವೇ ಇತ್ತು. ಸಡಿಲವಾಗಿರಬೇಕೆಂದು ಬೋಲ್ಟ್ ಬಿಗಿ ಮಾಡಿದೆ. ಮಾರನೆಯ ದಿನವೂ ಇಳಿದಿದ್ದವು.

ಮೊದಲ ಸಲ ಓಡಿಸಿದ್ದು ಹಲಸೂರು ಕೆರೆಯ ಪಕ್ಕದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಸುತ್ತ ಜನವೋ ಜನ. ತಿರುವಿನಲ್ಲಿ ಗಾಡಿಯ ಹಿಂಭಾಗ ಮೆಲ್ಲಗೆ ಕುಗ್ಗಿತು — ಯಾರೋ ಹತ್ತಿ ಕೂತಾಗ ಕುಗ್ಗುತ್ತದಲ್ಲ, ಹಾಗೆ. ಶೆಡ್ಡು ಮುಟ್ಟುವವರೆಗೂ ಆ ಭಾರ ಇಳಿಯಲಿಲ್ಲ. ನಾನು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲೂ ನೋಡಲಿಲ್ಲ.

ಆಮೇಲೆ ನೀವಿಬ್ಬರು ಕಾಕ್ಸ್ ಟೌನಿನಿಂದ ಬಂದು ನೋಡಿ ಮೆಚ್ಚಿದಿರಿ. ಶನಿವಾರ ಗಾಡಿ ಬಲ್ಲ ಸ್ನೇಹಿತರನ್ನು ಕರೆತರುತ್ತೇನೆ, ಕವರ್‌ಗಳನ್ನೆಲ್ಲ ಬಿಚ್ಚಿ ತೋರಿಸಬೇಕು ಎಂದರು ಸಾರ್. ಶುಕ್ರವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿಕೊಂಡು ಉಸ್ತಾದರ ಅಕ್ಷರಗಳನ್ನು ಎಮರಿ ಕಾಗದದಿಂದ ಉಜ್ಜಿದೆ. ನನ್ನ ಮುಖ ಕಾಣುವ ತನಕ ಉಜ್ಜಿದೆ. ಮರುದಿನ ನಿಮ್ಮೆದುರು ಎದೆ ಸೆಟೆಸಿ ಹೇಳಿದೆ, ಈ ಗಾಡಿಯ ಒಂದೇ ಒಂದು ಗುರುತನ್ನೂ ನಾನು ಅಳಿಸಿಲ್ಲ ಎಂದು.

ಆಗ ನೀವು ಕೇಳಿದಿರಿ. "ನಾನು ಹಿಂದೆ ಕೂತ್ಕೋಬಹುದಲ್ವಾ? ಚರ್ಚ್‌ಗೆ ಇದ್ರಲ್ಲೇ ಕರ್ಕೊಂಡು ಹೋಗ್ತೀನಿ ಅಂತಾರೆ ಇವ್ರು."

"ಆರಾಮಾಗಿ ಕೂತ್ಕೊಳ್ಳಿ ಮೇಡಂ," ಎಂದೆ. "ಏನೂ ಆಗಲ್ಲ."

ಮೂರನೆಯ ಭಾನುವಾರ, ಕೆರೆಯ ಪಕ್ಕದ ಅದೇ ತಿರುವಿನಲ್ಲಿ ನೀವು ಬಿದ್ದಿರಿ. ಸೊಂಟದ ಮೂಳೆ ಮುರಿಯಿತು. ಸಾರ್‌ಗೆ ಒಂದು ಗೀರೂ ಆಗಲಿಲ್ಲ, ಅದೇ ಅವರನ್ನು ತಿಂದುಹಾಕಿತು. ಗಾಡಿಯನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, ಬೇರೆಯವರಿಗೆ ಮಾರಿಬಿಡು ಎಂದರು. ಹೊರಟವರು ತಿರುಗಿ ಬಂದರು.

"ನಿಜ ಹೇಳು ಮುನಿರಾಜು. ನನ್ ಕೈ ತಪ್ಪಾ?"

ನಾನು ನೆಲ ನೋಡುತ್ತ ಹೇಳಿದೆ, "ತಿರುವಲ್ಲಿ ಸ್ವಲ್ಪ ಜೋರಾಯ್ತೇನೋ ಸಾರ್."

ಗಾಡಿ ಮಾರಿದ್ದಕ್ಕಿಂತ ದೊಡ್ಡ ಪಾಪ ಆ ಮಾತು. ಅಂದಿನಿಂದ ಅವರು ಯಾವ ವಾಹನವನ್ನೂ ಮುಟ್ಟಿಲ್ಲವಂತೆ, ನಿಮ್ಮೆದುರು ಊಟಕ್ಕೂ ಕೂರುವುದಿಲ್ಲವಂತೆ; ನಿಮ್ಮ ಬೀದಿಯ ಬೇಕರಿಯವರು ಹೇಳಿದರು. ಕ್ಷಮಿಸಿದ್ದೇನೆ ಎಂದು ನೀವು ಅವರಿಗೆ ಎಷ್ಟು ಸಲ ಹೇಳಿದಿರೋ — ಕ್ಷಮಿಸುವಂಥದ್ದೇನನ್ನೂ ಅವರು ಮಾಡಿರಲಿಲ್ಲ.

ಹೋದ ವಾರ ಕೆ.ಆರ್. ಪುರದಿಂದ ಗಾಡಿ ನೋಡಲು ಗಂಡ-ಹೆಂಡತಿ ಬಂದರು, ಹೊಸದಾಗಿ ಮದುವೆಯಾದವರು. ಆ ಹುಡುಗಿ ನಗುತ್ತ ಹಿಂದಿನ ಸೀಟು ಹತ್ತಿ ಫೋಟೊ ತೆಗೆಸಿಕೊಂಡಳು. ಆಗಷ್ಟೇ ನಾನು ಮಡಚಿದ್ದ ಫುಟ್‌ರೆಸ್ಟ್, ಅವಳು ಕಾಲು ಚಾಚುವ ಮೊದಲೇ ಇಳಿದು ಕಾಯುತ್ತಿತ್ತು.

ಅವರು ಹೋದ ಮೇಲೆ ಎಡಗಡೆಯ ಕವರ್ ಬಿಚ್ಚಿ ಎಣ್ಣೆ ಒರೆಸಿದೆ. ನಾನು ಉಜ್ಜಿದ್ದ ಜಾಗದಲ್ಲಿ ಅಕ್ಷರಗಳು ಮತ್ತೆ ಎದ್ದಿದ್ದವು — ಕಪ್ಪಗೆ, ಬಲಕ್ಕೆ ವಾಲಿ. ಆಳವಾಗಿ ಕೆತ್ತಿದ ಲೋಹದೊಳಗೆ ಎಣ್ಣೆ ಇಳಿದರೆ ಹಾಗಾಗುವುದುಂಟು. ನನಗೆ ಗೊತ್ತು. ಆದರೂ ಉಸ್ತಾದರು ಪಕ್ಕದಲ್ಲೇ ನಿಂತಿದ್ದಾರೆ ಎನಿಸಿತು. ಕೈ ಮತ್ತೆ ಎಮರಿ ಕಾಗದಕ್ಕೆ ಹೋಯಿತು. ಹೋಯಿತು, ಸುಳ್ಳು ಹೇಳುವುದಿಲ್ಲ. ಆ ಕಾಗದದಿಂದಲೇ ಸೀಟಿನ ಕೆಳಗಿನ ಬಣ್ಣ ಕೆರೆದೆ. ಕಬ್ಬಿಣ ಬಿರಿದಿತ್ತು, ಉಗುರು ಒಳಗೆ ಹೋಗುವಷ್ಟು. ಕೆ.ಆರ್. ಪುರದವರಿಗೆ ಫೋನ್ ಮಾಡಿ, ಗಾಡಿ ಮಾರಾಟಕ್ಕಿಲ್ಲ ಎಂದೆ.

ಆಮೇಲೆ ಮೊಳೆ ತೆಗೆದುಕೊಂಡು ಉಸ್ತಾದರ ಸಾಲಿನ ಕೆಳಗೆ ಬರೆದೆ: "ಇದನ್ನು ಓದಿಯೂ ಕೂರಿಸಿದೆ. ಮುನಿರಾಜು."

ಆ ಕವರನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನೀವು ಇದನ್ನು ಓದುವಾಗ ನಾನು ನಿಮ್ಮ ಗೇಟಿನ ಹೊರಗಿರುತ್ತೇನೆ. ಮೊದಲು ಕವರನ್ನು ಸಾರ್ ಕೈಗೆ ಕೊಡಿ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಬೆರಳಿನಿಂದ ಮುಟ್ಟಿ ಓದಲಿ. ಆಮೇಲೆ ನನ್ನನ್ನು ಒಳಗೆ ಕರೆಯಿರಿ — ಕರೆಯದಿದ್ದರೂ ಸರಿ. ಅವರು ಓದಿ ಮುಗಿಸುವ ತನಕ ನಾನು ಅಲ್ಲೇ ನಿಂತಿರುತ್ತೇನೆ.